ಒಕ್ಕಣ್ಣಿನ ಕಾರು

ರಾತ್ರಿ ಅಂಕೋಲೆಯಿಂದ ಭಾವಿಕೇರಿಗೆ ಬರುವ ಕಾರುಗಳಲ್ಲಿ ಒಂದಾದರೂ ಒಕ್ಕಣ್ಣಿನದು ಇದ್ದೇ ಇರುತ್ತದೆ. ಎದುರಿನವನು ಬೈಕೆಂದು ನಂಬಿ ಅರ್ಧ ರಸ್ತೆ ಬಿಡುತ್ತಾನೆ. ಹತ್ತಿರ ಬಂದರೆ ಬೈಕಿಗೆ ಬಾನೆಟ್ ಮೊಳೆತಿದೆ!

ಬಲ್ಬ್ ನೋಡೋಣವೆಂದು ಊರೊಳಗೆ ನಿಲ್ಲಿಸಿದಿರೋ, ಕೆಟ್ಟಿರಿ. ಯಕ್ಷಗಾನಕ್ಕೆ ಹೊರಟವರೆಲ್ಲ ಬಾನೆಟ್ಟಿನೊಳಗೆ ತಲೆ ತೂರಿಸುತ್ತಾರೆ. "ತಮಾ, ಬ್ಯಾಟರಿ ನೋಡು." "ಬ್ಯಾಟರಿ ಎಂತಕ್ಕೆ? ಫ್ಯೂಸ್ ಹೋಗಿರಬೇಕು" ಎನ್ನುವುದು ಸೈಕಲ್ ಬಿಟ್ಟು ಬೇರೇನೂ ಓಡಿಸದ ನಿವೃತ್ತ ಮಾಸ್ತರರು. ಎರಡೂ ದೀಪ ಒಟ್ಟಿಗೆ ಹೋಗಿದ್ದರೆ ಮಾಸ್ತರರ ಮಾತು ಕೇಳಬಹುದು. ಒಂದೇ ಹೋದರೆ ಹೆಚ್ಚಾಗಿ ಬಲ್ಬೇ. ಇಲ್ಲವೇ ಉಪ್ಪುಗಾಳಿಗೆ ಹೋಲ್ಡರಿನ ಪಿನ್ನು ಹಸಿರು ಹಿಡಿದಿರುತ್ತದೆ. ಕೆರೆದರೆ ಸತ್ತ ಬಲ್ಬೂ ಎದ್ದು ಕೂರುವುದುಂಟು. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಅಂಕೋಲೆಯಲ್ಲಿ ಈಗ ಉಪ್ಪೇ ಕಾರುಗಳ ಮೇಲೆ ಸತ್ಯಾಗ್ರಹ ಹೂಡಿದೆ.

ಹ್ಯಾಲೊಜೆನ್ ಬಲ್ಬಿನ ಗಾಜು ಮುಟ್ಟಬಾರದು. ಬೆರಳಿನ ಜಿಡ್ಡು ಕೂತಲ್ಲಿ ಗಾಜು ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ, ಹುರಿದ ಬಂಗಡೆ ತಿಂದೆದ್ದ ಕೈಯೊಂದು "ಕೊಡು ಮಾರಾಯಾ, ನಾ ಹಾಕ್ತೆ" ಎಂದು ಗಾಜನ್ನೇ ಹಿಡಿದಾಗಿರುತ್ತದೆ. 60/55 ವ್ಯಾಟಿನ ಎಚ್4 ಸಾಲದು, 100/90 ಹಾಕು ಎಂಬ ಬಿಟ್ಟಿ ಸಲಹೆ ಬೇರೆ. ಹಾಕಿದರೆ ವೈರು ಕರಗೀತು. ಎದುರಿನವನ ಶಾಪವಂತೂ ಖಂಡಿತ.

ಹೆದ್ದಾರಿ 66ರಲ್ಲಿ ಕೆಟ್ಟರೆ ಸಲಹೆಗಾರರ ಕಾಟವಿಲ್ಲ, ಲಾರಿಗಳದ್ದಿದೆ. ಅಂಚಿಗೆ ತಂದು, ಹಜಾರ್ಡ್ ದೀಪ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ದೂರಕ್ಕಿಟ್ಟು, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಬೇಕು. ತ್ರಿಕೋನವೇನೋ ಡಿಕ್ಕಿಯಲ್ಲೇ ಇದೆ. ಅದರ ಮೇಲೆ ಕರಿ ಇಶಾಡು ಮಾವಿನ ಬುಟ್ಟಿ, ಬುಟ್ಟಿಯ ಮೇಲೆ ಅತ್ತೆಯವರ ಗಂಟು. ಗಂಟು ಇಳಿಸಲು ಅತ್ತೆಯವರು ಒಪ್ಪಬೇಕಷ್ಟೆ.