ಕುರಿ ತಳಿ ಕೆಟ್ಟಿತು, ನಮ್ಮದು ಗಟ್ಟಿ

ಬಂಡೂರು ಅಂದರೆ ಕುರಿ. ಮಳವಳ್ಳಿ ತಾಲ್ಲೂಕಿನ ಈ ಊರು ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಬಂಡೂರು ಮಟನ್ನಿನ ರುಚಿ ಗೊತ್ತು. ಗಿಡ್ಡ ಕಾಲು, ತುಂಬಿದ ಮೈ, ಬಾಯಿಗಿಟ್ಟರೆ ಕರಗುವ ಮಾಂಸ. ಕಂಡಕಂಡ ಟಗರು ಕೂಡಿ ಅಸಲಿ ತಳಿಯೇ ಅಪರೂಪವಾಯಿತು. ಅದನ್ನು ಉಳಿಸೋಕೆ ಧನಗೂರಿನಲ್ಲಿ ಸರ್ಕಾರದ ಸಂವರ್ಧನಾ ಕೇಂದ್ರ ಬೇಕಾಯಿತು.

ಮನುಷ್ಯರ ವಿಷಯದಲ್ಲಿ ಸರ್ಕಾರಕ್ಕೆ ಆ ಖರ್ಚಿಲ್ಲ. ಪ್ರತಿ ಮನೆಯೂ ತಳಿ ಸಂವರ್ಧನಾ ಕೇಂದ್ರವೇ. ಅಪ್ಪನೇ ಡಾಕ್ಟರು.

2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ ದಲಿತರು ಪೊಲೀಸರ ಕಾವಲಿನಲ್ಲಿ ಕಾಲಭೈರವೇಶ್ವರನ ಗುಡಿಯೊಳಗೆ ಕಾಲಿಟ್ಟರು. ಮೇಲ್ಜಾತಿಯ ಕೆಲವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರನಡೆದರು. ಭೈರವ ಅಂದರೆ ಯಾರು? ಸ್ಮಶಾನ ಸುತ್ತುವವನು. ನಾಯಿ ಅವನ ವಾಹನ, ಕೈಯಲ್ಲಿ ಕಪಾಲ. ಅವನಿಗೆ ಮೈಲಿಗೆಯಾಗುತ್ತದಂತೆ!

ಟಿವಿಯಲ್ಲಿ ಇದನ್ನು ನೋಡಿದ ಐದನೇ ಕ್ಲಾಸಿನ ಮಗಳು ಕೇಳಿದಳು: "ಅಪ್ಪಾ, ದೇವ್ರುನ್ಯಾಕೆ ಈಚೆಗೆ ತಕ್ಕೊಂಡೋದ್ರು?"

ರಿಮೋಟು ನನ್ನ ಕೈಯಲ್ಲೇ ಇತ್ತು. ಚಾನೆಲ್ ಬದಲಿಸಿದೆ.

ಧೈರ್ಯವಾಗಿ ಸತ್ಯ ಹೇಳು ಮಗ ಅಂತ ಅವಳಿಗೆ ಭಾಷಣ ಬರೆದುಕೊಟ್ಟವನೂ ನಾನೇ. ಡಿಸೆಂಬರ್ 29, ವಿಶ್ವಮಾನವ ದಿನ. ಕುವೆಂಪು ಫೋಟೋಗೆ ಹಾರ, ಮೈಕಿನಲ್ಲಿ ಮಗಳು, ಮುಂದಿನ ಸಾಲಿನ ಕುರ್ಚಿಯಲ್ಲಿ ನಾನು. ಬಹುಮಾನ ಬಂದದ್ದು ಒಂದು ಸ್ಟೀಲ್ ಲೋಟ. ಶಾಲೆಯಲ್ಲಿ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತಾರೆ. ಭ್ರಾತೃತ್ವ ಅನ್ನುವಲ್ಲಿ ಮಹಾಪ್ರಾಣ ತಪ್ಪಿದರೆ ತಿದ್ದುತ್ತೇವೆ. ಉಳಿದದ್ದು ತಪ್ಪಿದರೆ ಯಾರೂ ತಿದ್ದುವುದಿಲ್ಲ.

2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ಉತ್ಸವದ ಕೋಲು ಮುಟ್ಟಿದ. ದಂಡ 60,000 ರೂಪಾಯಿ ಅಂದರು. ಅದು ಕೋಲಾರ, ನಮ್ಮ ಕಡೆ ಹಾಗೆಲ್ಲ ಇಲ್ಲಪ್ಪ ಅಂತ ನಾವು ಟೀ ಅಂಗಡಿ ಮುಂದೆ ನಿಂತು ಲೊಚಗುಟ್ಟಿದೆವು. ಹನಕೆರೆ ಆದಮೇಲೆ ಆ ಮಾತನ್ನು ಸ್ವಲ್ಪ ಮೆಲ್ಲಗೆ ಆಡುತ್ತೇವೆ.

ನಮ್ಮ ಮನೆಯಲ್ಲಿ ಜಾತಿ ಇಲ್ಲ. ಪೇಪರ್ ಲೋಟ ಇದೆ.

ತಾತನ ಕಾಲದಲ್ಲಿ 'ಅವರ' ಲೋಟ ಸೂರಿನ ಸಂದಿಯಲ್ಲಿರುತ್ತಿತ್ತು. ಆರ್‌ಸಿಸಿ ಮನೆಗೆ ಸೂರೆಲ್ಲಿ? ಪೇಪರ್ ಲೋಟ ಬಂತು. ಕುಡಿದು ಬಿಸಾಕಿದರೆ ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ. ಕೇಳಿದರೆ 'ಹೈಜೀನು' ಅನ್ನಬಹುದು. ಸಂವಿಧಾನದ 17ನೇ ವಿಧಿ ನಿಷೇಧಿಸಿದ ಅಸ್ಪೃಶ್ಯತೆ ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತದೆ.

ಮೊನ್ನೆ ಕಬ್ಬು ಕಡಿಯಲು ಆಳುಗಳು ಬಂದಿದ್ದರು. ನಾನು ಗದ್ದೆಯ ಬದುವಿನಲ್ಲಿ ಫೋನಿನಲ್ಲಿದ್ದೆ. ಮಗಳು ಕಾಫಿ ತಂದಳು. ಎಲ್ಲ ಸ್ಟೀಲ್ ಲೋಟ. ಬಹುಮಾನದ್ದೂ ಅದರೊಳಗಿತ್ತು. ಹಿರಿಯರೊಬ್ಬರು ಲೋಟ ಹಿಡಿಯದೆ ನನ್ನ ಮುಖ ನೋಡಿದರು. ನಾನು ಫೋನ್ ನೋಡಿದೆ. ಇಷ್ಟು ವರ್ಷದ ನನ್ನ ವೈಚಾರಿಕತೆಯ ಒಟ್ಟು ಬೆಳೆ ಅಷ್ಟೇ. ಮಗಳು "ತಕಳಿ ತಾತ, ಆರೋಯ್ತದೆ" ಅಂದಳು.

ಸಂಜೆ ಅವ್ವನಿಗೆ ಸುದ್ದಿ ಮುಟ್ಟಿತು.

"ಯಾವ್ ಲೋಟ್ದಲ್ ಕೊಟ್ಟೆಯೇ ಮಗ?"

"ತೊಳ್ದು ಜೋಡ್ಸ್‌ಬುಟ್ಟೆ ಕನಜ್ಜಿ. ಎಲ್ಲಾ ಒಂದೇ ತರ ಅವೆ, ಗೊತ್ತಾಗಕಿಲ್ಲ."

ಅವ್ವ ಸ್ಟ್ಯಾಂಡಿನ ಮುಂದೆ ನಿಂತು ಒಂದೊಂದೇ ಲೋಟ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು. ಅಸಲಿ ತಳಿ ಪತ್ತೆಯಾಗಲಿಲ್ಲ.

ಎರಡು ದಿನದಿಂದ ಅವ್ವ ಪೇಪರ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಾಳೆ.