ಬಿಸಿನೀರಿಗೆ ಕಾಯಿಚೂರು, ದವಡೆಗೆ ಅಡಿಕೆಚೂರು

ಎಲ್ಲಿ, ನಿಮ್ಮ ಫೋನು ತೆಗೀರಿ ನೋಡೋಣ. ಫ್ಯಾಮಿಲಿ ಗ್ರೂಪಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ. ಗುಡ್ ಮಾರ್ನಿಂಗ್ ಗುಲಾಬಿ ದಾಟಿ, ಸೋದರಮಾವನ ಷಷ್ಟಿಪೂರ್ತಿ ಫೋಟೋ ದಾಟಿ... ಹಾಂ, ಅಲ್ಲೇ ನಿಲ್ಲಿ! ಬಿಸಿನೀರಿಗೆ ಎರಡು ಮೂರು ತೆಳ್ಳಗಿನ ಕಾಯಿಚೂರು ಹಾಕಿ ಕುಡಿದರೆ ಕ್ಯಾನ್ಸರ್ ಕಣಗಳು ಸತ್ತೇಹೋಗ್ತವೆ ಅಂತ ಬಂದಿದೆಯಲ್ಲ, ಅದೇ. ಅದನ್ನ ಕಳಿಸಿದವರ ಹೆಸರು ಓದಿ. (ನಾಚ್ಕೋಬೇಡಿ, ನೀವೊಬ್ಬರೇ ಅಲ್ಲ.)

ಬೇರೆ ಸೀಮೆಯವರು ನಂಬಿದ್ರೆ ಹೋಗ್ಲಿ ಬಿಡಿ ಅನ್ನಬಹುದಿತ್ತು. ನೀವು ಬಾಣಾವರದವರು! ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಒಬ್ಬಟ್ಟಿಗೆ ಕಾಯಿ, ತಲೆಗೆ ಎಣ್ಣೆ, ಒಲೆಗೆ ಗರಿ. ಹುಟ್ಟಿದಾಗಿಂದ ತೆಂಗಿನ ನೆರಳಲ್ಲೇ ಇದ್ದೀರಿ. ಕಾಯಿಗೆ ಅಷ್ಟು ಪವರ್ ಇದ್ದಿದ್ರೆ ನಮ್ಮ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಒಬ್ಬರೂ ಹೋಗಬೇಕಿರಲಿಲ್ಲ, ಅಲ್ವಾ? ಫೈಲು ಕಂಕುಳಲ್ಲಿಟ್ಕೊಂಡು ರೈಲು ಕಾಯೋರನ್ನ ಸ್ಟೇಷನ್ನಲ್ಲಿ ನೀವೂ ನೋಡಿದ್ದೀರಿ.

ಆ ಮೆಸೇಜಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರ್ ರಾಜೇಂದ್ರ ಬಡ್ವೆ ಅವರ ಹೆಸರು ಅಂಟಿಸಿದ್ರು. ಅವರು ಹೀಗೆ ಹೇಳೇ ಇಲ್ಲ, ಇದು ಸುಳ್ಳು ಅಂತ ಆಸ್ಪತ್ರೆಯವರು 2019ರಲ್ಲೇ ಹೇಳಿಕೆ ಕೊಟ್ಟರು. ಆ ಹೇಳಿಕೆಯನ್ನ ನೀವು ಎಷ್ಟು ಜನಕ್ಕೆ ಕಳಿಸಿದ್ರಿ? ಹೋಗ್ಲಿ, ಬಂದಿದ್ದನ್ನ ಓದಿದ್ರಾ?

ಅದರೊಳಗಿನ ವಾದ ಏನು ಗೊತ್ತಾ? ನೀರು ಆಲ್ಕಲೈನ್ ಆಗುತ್ತಂತೆ, ಕ್ಯಾನ್ಸರ್‌ಗೆ ಅದು ಆಗಿಬರಲ್ವಂತೆ. ಅಯ್ಯೋ, ಹೊಟ್ಟೆಯಲ್ಲಿರೋ ಆಸಿಡ್ ಸುಮ್ನೆ ಕೂತಿರುತ್ತಾ? ರಕ್ತದ ಪಿಎಚ್ಚು 7.35ರಿಂದ 7.45ರೊಳಗೇ ಇರಬೇಕು ಅಂತ ಶ್ವಾಸಕೋಶ, ಕಿಡ್ನಿ ಎರಡೂ ಹಗಲೂ ರಾತ್ರಿ ಕಾವಲಿರ್ತವೆ. ನಿಮ್ಮ ಎರಡು ಕಾಯಿಚೂರಿಗೆ ಅವು ಜಗ್ಗಲ್ಲ. ಈ ಮೆಸೇಜ್ ನಂಬಿ ಹೈವೇ ಪಕ್ಕದ ಎಳನೀರಿನವನ ಹತ್ರ ಒಬ್ಬರು ‘ಬಿಸಿ ಎಳನೀರು ಸಿಗುತ್ತೇನಪ್ಪಾ’ ಅಂತ ಕೇಳಿದ್ರಂತೆ. ‘ಮಧ್ಯಾಹ್ನ ಬನ್ನಿ ಸಾ, ಬಿಸಿಲಿಗೆ ತಾನೇ ಕಾದಿರ್ತದೆ’ ಅಂದನಂತೆ ಅವನು.

ಸರಿ, ಈಗ ನೀವು ಮುಖ ಸಣ್ಣದು ಮಾಡ್ಕೊಂಡು ‘ಹಂಗಾದ್ರೆ ಊಟಕ್ಕೂ ಇಮ್ಯುನಿಟಿಗೂ ಸಂಬಂಧವೇ ಇಲ್ವಾ’ ಅಂತೀರಿ. ಇದೆ ಕಣ್ರೀ! ಆದ್ರೆ ನೀವು ಅನ್ಕೊಂಡ ಹಾಗಿಲ್ಲ. ಕೊರೋನಾ ಬಂದಾಗಿಂದ ‘ಬೂಸ್ಟರ್’ ಅನ್ನೋ ಮಾತು ನಿಮ್ಮ ತಲೇಲಿ ಕೂತಿದೆ. ಇಮ್ಯುನಿಟಿ ಜಾಸ್ತಿಯಾದಷ್ಟೂ ಒಳ್ಳೇದು ಅನ್ನೋ ಲೆಕ್ಕ. ಅದು ಅಂಕೆ ಮೀರಿದ್ರೆ ನಮ್ಮ ಕೀಲನ್ನೇ ನಮ್ಮ ಕಣಗಳು ಕಡೀತವೆ. ನಿಮ್ಮ ದೊಡ್ಡಮ್ಮನ ರುಮಟಾಯ್ಡ್ ಬೆರಳು ನೋಡಿಲ್ವಾ?

ಕ್ಯಾನ್ಸರ್ ಗಡ್ಡೆ ಮಾಡೋ ಚಾಲಾಕಿ ಬೇರೆ. ನಮ್ಮ ಟಿ ಕಣಗಳು (ಇಮ್ಯುನಿಟಿಯ ಸಿಪಾಯಿಗಳು) ಕೊಲ್ಲೋಕೆ ಬಂದಾಗ ಅವುಗಳ ಬ್ರೇಕನ್ನೇ ಅದು ಒತ್ತಿಹಿಡಿಯುತ್ತೆ. ಆ ಬ್ರೇಕು ಯಾವುದು, ಬಿಡಿಸೋದು ಹೇಗೆ ಅಂತ ಕಂಡುಕೊಂಡ ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಇಬ್ಬರಿಗೆ 2018ರಲ್ಲಿ ನೊಬೆಲ್ ಬಂತು. ಬ್ರೇಕು ಒತ್ತಿರುವಾಗ ಎಕ್ಸಲರೇಟರ್ ತುಳಿಯೋ ಕಷಾಯ ಎಷ್ಟು ಲೋಟ ಕುಡಿದ್ರೆ ತಾನೇ ಏನು?

ಈಗ ಹತ್ತಿರ ಬನ್ನಿ, ನಿಮಗೆ ಖುಷಿಯಾಗೋ ಸುದ್ದಿ ಹೇಳ್ತೀನಿ. ಆ ಬ್ರೇಕು ಬಿಡಿಸೋ ಔಷಧಿ ತಗೊಳ್ತಿದ್ದ 128 ಮೆಲನೋಮಾ (ಅದು ಚರ್ಮದ ಕ್ಯಾನ್ಸರ್) ರೋಗಿಗಳು ಏನು ತಿಂತಿದ್ರು ಅಂತ ಅಮೆರಿಕದ ಎಂಡಿ ಆಂಡರ್ಸನ್ ಆಸ್ಪತ್ರೆಯವರು ಲೆಕ್ಕ ಹಾಕಿ, 2021ರಲ್ಲಿ ‘ಸೈನ್ಸ್’ ಪತ್ರಿಕೇಲಿ ಬರೆದ್ರು. ದಿನಕ್ಕೆ ಕನಿಷ್ಠ 20 ಗ್ರಾಂ ನಾರು ತಿಂದವರು ಹೆಚ್ಚು ಕಾಲ ಚೆನ್ನಾಗಿದ್ರು. ನಾರು 5 ಗ್ರಾಂ ಏರಿದಾಗೆಲ್ಲ ರೋಗ ಮುಂದುವರಿಯೋ ಅಥವಾ ಸಾಯೋ ಅಪಾಯ ಶೇಕಡಾ 30ರಷ್ಟು ಕಮ್ಮಿ ಕಂಡಿತು. ಅಂಗಡಿಯಿಂದ ಪ್ರೊಬಯಾಟಿಕ್ ಮಾತ್ರೆ ತಂದು ನುಂಗಿದವರಿಗೆ ಮಾತ್ರ ಲಾಭ ಕಾಣಲಿಲ್ಲ. (ಇದು ಗಮನಿಸಿ ಬರೆದ ಲೆಕ್ಕ, ಕೋರ್ಟಿನ ತೀರ್ಪಲ್ಲ. ನಾಳೆ ನನ್ನ ಹೆಸರು ಹಾಕಿ ಫಾರ್ವರ್ಡ್ ಮಾಡ್ಬೇಡಿ.)

ನಾರು ಅಂದ್ರೆ ಯಾವುದೋ ಫಾರಿನ್ ಡಬ್ಬಿ ಹುಡುಕಬೇಕಾ? ನೂರು ಗ್ರಾಂ ರಾಗಿಯಲ್ಲಿ ಹೆಚ್ಚುಕಮ್ಮಿ 11 ಗ್ರಾಂ ಇದೆ. ಮುದ್ದೆ, ಜೊತೆಗೆ ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಬೆರಕೆಸೊಪ್ಪಿನ ಪಲ್ಯ. ಲೆಕ್ಕ ಅರ್ಧಕ್ಕರ್ಧ ಅಲ್ಲೇ ಮುಗೀತು. ಕರುಳಿನ ಬ್ಯಾಕ್ಟೀರಿಯಾ ಈ ನಾರನ್ನ ಹುಳಿಸಿ ಬ್ಯುಟಿರೇಟ್ ಅಂತೊಂದನ್ನ ಮಾಡ್ತವೆ. ಕರುಳಿನ ಗೋಡೆಗೆ ಅದೇ ಊಟ. ರೋಗ ತಡೆಯೋ ಕಣಗಳಲ್ಲಿ ಬಹುಪಾಲು ಠಿಕಾಣಿ ಹೂಡಿರೋದೂ ಅದೇ ಕರುಳಿನ ಸುತ್ತಮುತ್ತ.

ಆದ್ರೆ ನೀವೇನು ಮಾಡ್ತೀರಿ? ರಾಗಿ ಹಿಟ್ಟನ್ನ ಸಣ್ಣ ಜರಡೀಲಿ ಜರಡಿ ಹಿಡಿದು ತೌಡೆಲ್ಲ ಹಸುವಿಗೆ ಹಾಕ್ತೀರಿ. ಹಸುವಿನ ಇಮ್ಯುನಿಟಿ ಚೆನ್ನಾಗಿದೆ! ಮಗಳು ಬೆಂಗಳೂರಿಂದ ಬಂದ್ರೆ ‘ಪಾಪ, ಮುದ್ದೆ ಯಾಕೆ’ ಅಂತ ಮೈದಾ ಪರೋಟ. ಆಮೇಲೆ ಅದೇ ಮಗಳು ವಾಪಸ್ ಹೋಗಿ ಇನ್ನೂರು ರೂಪಾಯಿ ಕೊಟ್ಟು ‘ಮಿಲೆಟ್ ಬೌಲ್’ ತಿಂತಾಳೆ.

ಅರಿಶಿನದ ವಿಷಯಕ್ಕೆ ಬರ್ತೀರಿ, ಗೊತ್ತು. ಅದರಲ್ಲಿರೋ ಕರ್ಕ್ಯುಮಿನ್ ಲ್ಯಾಬಿನ ಗಾಜಿನ ತಟ್ಟೇಲಿ ಕ್ಯಾನ್ಸರ್ ಕಣಕ್ಕೆ ಕಾಟ ಕೊಡೋದು ನಿಜ. ಹೊಟ್ಟೆಗೆ ಹೋದ್ರೆ ರಕ್ತಕ್ಕೆ ಸೇರೋದೇ ಇಲ್ಲ ಅನ್ನೋಷ್ಟು ಕಮ್ಮಿ. ಜೊತೆಗೆ ಕಾಳುಮೆಣಸಿನ ಪೈಪರೀನ್ ಕೊಟ್ರೆ ಇಪ್ಪತ್ತು ಪಟ್ಟು ಏರುತ್ತೆ ಅಂತ 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಆದ್ರೆ ಅವರು ಕೊಟ್ಟಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅಡುಗೆ ಅರಿಶಿನದಲ್ಲಿ ಅದು ಇರೋದು ಶೇಕಡಾ 3ರ ಆಸುಪಾಸು. ನೀವೇ ಗುಣಿಸಿ ನೋಡಿ, ಹಾಲಿಗೆ ಎಷ್ಟು ಚಮಚ ಸುರೀಬೇಕು ಅಂತ. (ಹಾಲು ಅಂದಾಗ ನೆನಪಾಯ್ತು: ಹಾಲು, ಬೆಣ್ಣೆಯಲ್ಲಿರೋ ಟ್ರಾನ್ಸ್ ವ್ಯಾಕ್ಸೆನಿಕ್ ಆಸಿಡ್ ಟಿ ಕಣಕ್ಕೆ ಹುರುಪು ಕೊಡುತ್ತೆ ಅಂತ ಶಿಕಾಗೋದವರು 2023ರಲ್ಲಿ ಕಂಡ್ರು, ಹೆಚ್ಚಾಗಿ ಇಲಿಗಳಲ್ಲಿ. ಬೆಣ್ಣೆ ಡಬ್ಬಿ ಕೆಳಗಿಡಿ!)

ಮಾತ್ರೆ ನುಂಗಿದ್ರೆ ಸುಲಭ ಅಲ್ವಾ ಅಂತೀರಾ? ಫಿನ್‌ಲೆಂಡಿನಲ್ಲಿ 29,133 ಜನ ಸಿಗರೇಟು ಸೇದೋ ಗಂಡಸರ ಮೇಲೆ ಪ್ರಯೋಗ ನಡೀತು. ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನನ್ನ ಮಾತ್ರೆ ಮಾಡಿ ವರ್ಷಗಟ್ಟಲೆ ಕೊಟ್ರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಜಾಸ್ತಿ! ಅಮೃತಬಳ್ಳೀನೂ ಅಷ್ಟೇ. ಕೊರೋನಾ ಕಾಲದಲ್ಲಿ ಕುಡಿದೂ ಕುಡಿದೂ ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲಿ ಬರೆದ್ರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರಲ್ಲಿ ಯಾರು ಸರಿಯೋ ಜಗಳ ಆಡ್ಕೊಳ್ಳಲಿ. ನೀವು ಮಾತ್ರ ಕೀಮೋ ತಗೊಳ್ತಿರೋ ಭಾವನ್ನ ನೋಡೋಕೆ ಹೋದಾಗ, ಡಾಕ್ಟರಿಗೆ ಗೊತ್ತಾಗದ ಹಾಗೆ ದಿಂಬಿನ ಪಕ್ಕ ಕಷಾಯದ ಬಾಟ್ಲಿ ಇಟ್ಟು ಬರ್ತೀರಲ್ಲ, ಅದನ್ನ ಬಿಡಿ.

ಇನ್ನೊಂದು ಗುಟ್ಟು. ಅಟ್ಟದ ಮೇಲೆ ಕೊಬ್ಬರಿಗೆ ಕಾಯಿ ಬಿಟ್ಟಿದ್ದೀರಲ್ಲ, ಒಡೆದಾಗ ಕೆಲವು ಒಳಗೆ ಹಸಿರು ಹಳದಿ ಬೂಷ್ಟು ಹಿಡಿದಿರ್ತವೆ. ಮಂಡಿಗೆ ಕಳಿಸಿದ್ರೆ ತಗೊಳ್ಳಲ್ಲ. ಆಗ ನೀವೇನು ಮಾಡ್ತೀರಿ? ಆಚೀಚೆ ನೋಡಿ, ಸೀರೆ ಸೆರಗಲ್ಲೋ ಟವೆಲಲ್ಲೋ ಒರೆಸಿ, ಚಾಕೂಲಿ ಮೇಲಿಂದ ಕೆರೆದು ಚಟ್ನಿಪುಡಿಗೆ! ‘ಹುರಿದ್ರೆ ಎಲ್ಲ ಹೋಗುತ್ತೆ ಬಿಡಿ’ ಅಂತ ಬೇರೆ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡಬಹುದು. ಲಿವರ್ ಕ್ಯಾನ್ಸರ್ ತರೋ ಖಾತ್ರಿ ಪಟ್ಟಿಯಲ್ಲಿ ಅದರ ಹೆಸರಿದೆ, ಒಗ್ಗರಣೆ ಬಿಸಿಗೆಲ್ಲ ಅದು ಹೆದರಲ್ಲ. ಮುಗ್ಗಿದ ಕಡ್ಲೆಕಾಯಿಯ ಕತೇನೂ ಅದೇ. ತೆಂಗಿನಿಂದ ಕ್ಯಾನ್ಸರ್ ಓಡಿಸೋಕೆ ಬಿಸಿನೀರು ಕುಡಿಯೋ ಮನೇಲಿ ಬೂಷ್ಟು ಕೊಬ್ಬರಿ ಎಸೆಯೋಕೆ ಕೈಬರಲ್ಲ, ನೋಡಿ!

ಇಮ್ಯುನಿಟಿಗೆ ಕ್ಯಾನ್ಸರ್ ತಡೆಯೋ ಪಾಠ ಹೇಳಿಕೊಡೋ ಸಾಮಾನು ನಿಜಕ್ಕೂ ಬೇಕಾ? ಅದು ಸಿಗೋದು ಅಡುಗೆಮನೇಲಲ್ಲ, ಸಿರಿಂಜಲ್ಲಿ. ಗರ್ಭಕಂಠದ ಕ್ಯಾನ್ಸರ್ ತರೋ ವೈರಸ್ಸಿಗೆ ಎಚ್‌ಪಿವಿ ಲಸಿಕೆ ಇದೆ, 9ರಿಂದ 14 ವರ್ಷದೊಳಗೆ ಹಾಕಿಸಿದ್ರೆ ಉತ್ತಮ. ಆ ಮಾತೆತ್ತಿದ್ರೆ ‘ಈ ವಯಸ್ಸಿಗೆ ಅದೆಲ್ಲ ಯಾಕೆ’ ಅಂತ ಮಗಳ ಕೈಗೆ ಕಷಾಯದ ಲೋಟ ಕೊಡ್ತೀರಿ.

ಯಾಕೆ ಸುಮ್ಮನಾದ್ರಿ? ಆಗಿಂದ ಇಷ್ಟು ಪ್ರಶ್ನೆ ಕೇಳಿದ್ದೀನಿ, ಒಂದಕ್ಕೂ ಉತ್ತರ ಇಲ್ಲ, ಬರೀ ‘ಊಂ ಊಂ’. ಓಹೋ, ಕೆನ್ನೆ ಉಬ್ಬಿದೆ! ಅಡಿಕೇನಾ? ‘ಹೊಗೆಸೊಪ್ಪಿಲ್ಲ, ಬರೀ ಅಡಿಕೆ’ ಅಂತ ಸನ್ನೆ ಮಾಡ್ಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೇನೂ ಮೊದಲನೇ ಗುಂಪಿಗೆ, ಅಂದ್ರೆ ಖಾತ್ರಿ ಕ್ಯಾನ್ಸರ್ ತರೋ ಗುಂಪಿಗೆ ಹಾಕಿದೆ. (ತೋಟ ಇರೋರು ನನ್ನ ಮೇಲೆ ಜಗಳಕ್ಕೆ ಬರಬೇಡಿ, ನನ್ನ ನೆಂಟರಲ್ಲೂ ಅಡಿಕೆ ತೋಟದವರಿದ್ದಾರೆ.) ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಆಯ್ತು. ನೀವೇನು ಕಮ್ಮಿನಾ, ಪಾನ್ ಮಸಾಲ ಒಂದು ಪ್ಯಾಕೆಟ್ಟು, ಹೊಗೆಸೊಪ್ಪು ಇನ್ನೊಂದು ಪ್ಯಾಕೆಟ್ಟು ತಗೊಂಡು ಅಂಗೈಯಲ್ಲೇ ಸಂಗಮ ಮಾಡಿದ್ರಿ.

ಒಂದು ಕೆಲಸ ಮಾಡಿ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಿ. ಹೋಗ್ತವಾ? ಹೋಗದಿದ್ರೆ ಕೆನ್ನೆ ಒಳಗಿನ ಚರ್ಮ ಬಿಗೀತಾ ಇರಬಹುದು, ನಾಳೇನೇ ಹಾಸನದ ಬಸ್ ಹತ್ತಿ ಡಾಕ್ಟರಿಗೆ ತೋರಿಸಿ. ಹೋದ್ರೆ...

ಏನಂದ್ರಿ? ಕೇಳಿಸ್ತಿಲ್ಲ. ಮೊದಲು ಹೊರಗೆ ಹೋಗಿ ಬಾಯಲ್ಲಿರೋದನ್ನ ಉಗಿದು ಬನ್ನಿ. (ನನ್ನ ಮನೆ ಗೋಡೆ ಮೇಲಲ್ಲ ರೀ!)