ಕಾಟಿಗೆ ರೈಲಿನ ಚಿಂತೆಯಿಲ್ಲ

ನೀಲಗಿರಿಯ ಪುಟಾಣಿ ರೈಲಿನಲ್ಲಿ ಕೂರಲು ಜಾಗ ಸಿಗುವುದು ಪುಣ್ಯವಂತರಿಗೆ ಮಾತ್ರ. ಆ ಪುಣ್ಯ ನಮಗೆ ಒದಗಿತ್ತು. ಕೂನೂರಿನಿಂದ ಊಟಿಗೆ ಬೆಳಗಿನ ಗಾಡಿ, ನಾಲ್ಕೂ ಟಿಕೆಟ್ ನನ್ನ ಅಂಗಿಯ ಜೇಬಿನಲ್ಲಿ. ಭಾವ ಸ್ಟೇರಿಂಗ್ ಹಿಡಿದು ಕೂತಿದ್ದರು. ಅಕ್ಕ ಮಂಕಿ ಕ್ಯಾಪ್ ಹಾಕಿಕೊಂಡು, ಗುರುತು ಸಿಗದಂತಾಗಿ, ಹಿಂದಿನ ಸೀಟಿನಲ್ಲಿ ಸಿದ್ಧಳಾಗಿದ್ದಳು. ಅಡ್ಡಿ ಒಂದೇ. ನಾವು ಉಳಿದುಕೊಂಡಿದ್ದ ಮನೆಯಿಂದ ಟಾರು ರಸ್ತೆಗೆ ಸೇರುವ ದಾರಿ ಚಹಾ ತೋಟದ ನಡುವೆ ಹೋಗುತ್ತದೆ. ಆ ದಾರಿಯಲ್ಲಿ, ಮದುವೆ ಮನೆಯ ಬಾಗಿಲಿಗೆ ಅಡ್ಡ ನಿಂತು ಬಂದವರನ್ನೆಲ್ಲ ಮಾತಾಡಿಸುವ ಸೋದರಮಾವನ ಹಾಗೆ, ಒಂದು ಕಾಟಿ ನಿಂತಿತ್ತು.

ಚಿತ್ರದಲ್ಲಿ ಕಾಟಿಯನ್ನು ನೋಡಿದವರಿಗೆ ಅದರ ಗಾತ್ರ ಅರ್ಥವಾಗುವುದಿಲ್ಲ. ಬಲಿತ ಗಂಡು ಒಂದು ಟನ್ನಿನ ಹತ್ತಿರ ತೂಗುತ್ತದೆ. ನಮ್ಮ ಕಾರೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಕಾರಿಗೆ ಕೊಂಬಿಲ್ಲ. ಭಾವ ಹಾರ್ನ್ ಕಡೆಗೆ ಕೈ ಒಯ್ದದ್ದೇ ತಡ, ಹಿಂದಿನಿಂದ ಅಕ್ಕ, "ಲೋ, ನಿಮ್ಮ ಭಾವನಿಗೆ ಹೇಳೋ, ಹಾರ್ನ್ ಮುಟ್ಟಿದರೆ ನಾನು ಇಲ್ಲೇ ಇಳಿದುಬಿಡ್ತೀನಿ ಅಂತ" ಎಂದಳು. ಇಳಿದು ಹೋಗುವುದೆಲ್ಲಿಗೆ ಎಂದು ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಮಾತ್ರ, "ರೀ, ರೈಲಿಗೆ ಫೋನ್ ಮಾಡೋಕಾಗಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಿ ಮನೆಯ ಯಜಮಾನರು ಶಾಲು ಹೊದ್ದು ಹೊರಗೆ ಬಂದರು. ಬಡಗ ಸಮುದಾಯದ ಹಿರಿಯರು. ಅವರು ಬಡಗ ಭಾಷೆಯಲ್ಲಿ ಮಾತಾಡುತ್ತಿದ್ದರು, ನಾವು ಮೈಸೂರು ಕನ್ನಡದಲ್ಲಿ. ಮುಕ್ಕಾಲುಪಾಲು ಅರ್ಥವಾಗುತ್ತಿತ್ತು, ಉಳಿದ ಕಾಲುಪಾಲಿಗೆ ಎರಡೂ ಕಡೆಯವರು ನಗುತ್ತಿದ್ದೆವು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ತಮ್ಮ ಹಿರಿಯರು ಎಂಬುದು ಅವರಲ್ಲಿ ಬಂದ ಪ್ರತೀತಿ. ಹಾಗಾಗಿ ಮೊದಲ ದಿನವೇ ನಮಗೂ ಅವರಿಗೂ ಒಂದು ದೂರದ ನೆಂಟಸ್ತಿಕೆ ಕುದುರಿಬಿಟ್ಟಿತ್ತು. ಯಜಮಾನರು ಕಾಟಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಅದು ಈ ಹೊತ್ತಿಗೆ ದಿನಾ ಬರುತ್ತದೆ, ತಾನಾಗಿಯೇ ಹೋಗುತ್ತದೆ, ಒಳಗೆ ಬಂದು ಟೀ ಕುಡಿಯಿರಿ ಎಂದರು.

ಟೀ ಎಂದ ಕೂಡಲೇ ಭಾವನ ಮುಖ ಸಣ್ಣದಾಯಿತು. ಅದಕ್ಕೊಂದು ಹಿನ್ನೆಲೆಯಿದೆ. ನಮ್ಮದು ಕಾಫಿ ಕುಟುಂಬ. ಭಾವ ಅದರಲ್ಲಿ ತೀವ್ರವಾದಿ. ಚಹಾ ಎಂದರೆ ಅವರ ಪ್ರಕಾರ ಜ್ವರ ಬಂದಾಗ, ಅದೂ ಡಾಕ್ಟರು ಒತ್ತಾಯಿಸಿದರೆ, ಮೂಗು ಮುಚ್ಚಿ ಕುಡಿಯಬೇಕಾದ ವಸ್ತು. ಇಂಥವರನ್ನು ನೀಲಗಿರಿಗೆ ಕರೆದುಕೊಂಡು ಬಂದದ್ದೇ ಒಂದು ಸಾಹಸ. "ನೋಡೋಕೆ ಬರ್ತೀನಿ, ಕುಡಿಯೋಕಲ್ಲ" ಎಂಬ ಷರತ್ತಿನ ಮೇಲೆ ಹೊರಟಿದ್ದರು.

ಹೊರಟದ್ದು ಮೈಸೂರಿನಿಂದ, ಕತ್ತಲಲ್ಲಿ. ಮೈಸೂರಿನವರು ಊಟಿಗೆ ಹೋಗುವುದು ಹೊಸದೇನಲ್ಲ. ನಮ್ಮ ಮಹಾರಾಜರೇ ಅಲ್ಲಿ ಫರ್ನ್‌ಹಿಲ್ ಅರಮನೆ ಇಟ್ಟುಕೊಂಡಿದ್ದರು. ಪ್ರಜೆಗಳಾದ ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇವೆ, ಅಷ್ಟೇ ವ್ಯತ್ಯಾಸ. ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ಇನ್ನೂ ಆರು ಹೊಡೆದಿರಲಿಲ್ಲ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. 2009ರಿಂದ ಇದು ಜಾರಿಯಲ್ಲಿದೆ. ಆಗಾಗ ಇದನ್ನು ತೆಗೆಯಿರಿ ಎಂಬ ಕೂಗು ಏಳುತ್ತದೆ. ನನ್ನನ್ನು ಕೇಳಿದರೆ, ಇಪ್ಪತ್ನಾಲ್ಕು ಗಂಟೆಯಲ್ಲಿ ಹದಿನೈದು ಗಂಟೆ ರಸ್ತೆ ನಮ್ಮದು, ಒಂಬತ್ತು ಗಂಟೆ ಆನೆ-ಜಿಂಕೆಗಳದು. ಪಾಲು ಮಾಡಿದವರು ನಮ್ಮ ಕಡೆಗೇ ವಾಲಿದ್ದಾರೆ.

ಕಾಡಿನೊಳಗೆ ಗಾಡಿ ಹೊಕ್ಕ ಮೇಲೆ ಮನುಷ್ಯರ ನ್ಯಾಯವೇ ಬದಲಾಗುತ್ತದೆ. ಊರಲ್ಲಿ ಒಂದು ಜಿಂಕೆ ಕಂಡರೆ ಬೀದಿಯೆಲ್ಲ ಸೇರುತ್ತದೆ. ಇಲ್ಲಿ ಮೊದಲ ಹಿಂಡಿಗೆ ಕಾರಿನಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದೆವು, ಎರಡನೆಯದಕ್ಕೆ ಕೈ ತೋರಿಸಿದೆವು, ಆಮೇಲೆ "ಜಿಂಕೆ ಬಿಡಿ" ಎಂಬಲ್ಲಿಗೆ ಬಂದೆವು. ಪಾಪ, ಚುಕ್ಕೆಗಳನ್ನೆಲ್ಲ ಹೊತ್ತು ನಿಂತ ಆ ಪ್ರಾಣಿಗಳ ತಪ್ಪೇನು? ಗಡಿಯ ಕೆಕ್ಕನಹಳ್ಳ ದಾಟಿದರೆ ಅದೇ ಕಾಡಿಗೆ ಮುದುಮಲೈ ಎಂದು ಹೆಸರು. ಅಭಯಾರಣ್ಯವಾಗಿ ಅದು 1940ರಷ್ಟು ಹಳೆಯದು, ಹುಲಿ ಮೀಸಲು ಪ್ರದೇಶವಾದದ್ದು 2007ರಲ್ಲಿ. ಅಲ್ಲಿ ಸಫಾರಿ ಬಸ್ಸು ಹತ್ತಿದೆವು. ಎದುರಿನಿಂದ ಬರುವ ಪ್ರತಿ ಬಸ್ಸಿನವರೂ ನಮ್ಮನ್ನು "ಏನಾದ್ರೂ ಕಾಣಿಸ್ತಾ?" ಎಂದು ಕೇಳುತ್ತಿದ್ದರು, ನಾವು ಅವರನ್ನು ಅದೇ ಕೇಳುತ್ತಿದ್ದೆವು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, ತಮಿಳುನಾಡಿಗೆ 306. ಎರಡೂ ಸೇರಿದರೆ 869. ಈ 869ರಲ್ಲಿ ಒಂದಕ್ಕಾದರೂ ನಮ್ಮ ಬಸ್ಸಿನ ವೇಳೆ ಹೊಂದಬಾರದಿತ್ತೇ ಎಂದು ಅಕ್ಕ ಪೇಚಾಡಿದಳು. ಹುಲಿಯಿದ್ದರೂ ಕಾಣುವುದು ಕಷ್ಟ. ರಸ್ತೆಯ ಅಂಚಿನವರೆಗೂ ಲಂಟಾನ ಹಬ್ಬಿದೆ. ಬ್ರಿಟಿಷರು ಹೂವಿನ ಅಂದಕ್ಕೆಂದು ತಂದ ಈ ಗಿಡ ಕಾಡಿನ ಹುಲ್ಲನ್ನೆಲ್ಲ ನುಂಗಿ ಕೂತಿದೆ. ಗೂಡಲೂರಿನ ಕಡೆ ಆದಿವಾಸಿಗಳು ಅದನ್ನೇ ಕಡಿದು, ಕಡ್ಡಿಗಳನ್ನು ಬಾಗಿಸಿ ಆಳೆತ್ತರದ ಆನೆಗಳನ್ನು ಮಾಡುತ್ತಾರೆ. ಅವು ಲಂಡನ್ನಿನ ಪಾರ್ಕುಗಳವರೆಗೂ ಹೋಗಿ ಬಂದಿವೆ.

ನಿಜವಾದ ಆನೆ ಬೇಕೆಂದರೆ ತೆಪ್ಪಕಾಡು ಶಿಬಿರಕ್ಕೆ ಹೋಗಬೇಕು. ಆಸ್ಕರ್ ಪಡೆದ 'ದಿ ಎಲಿಫೆಂಟ್ ವಿಸ್ಪರರ್ಸ್' ಚಿತ್ರ ತಯಾರಾದದ್ದು ಅಲ್ಲಿನ ಮರಿಯಾನೆಗಳ ಮೇಲೆ; ಹಾಗಾಗಿ ಈಗ ಜನ ಜಾಸ್ತಿ. ನಮ್ಮ ಭಾವನಿಗೆ ಆಸ್ಕರ್ ಗೀಸ್ಕರ್ ತಲೆಗೆ ಹೋಗಲಿಲ್ಲ. ಅವರು ಮಂಡ್ಯದವರು. ಆನೆಗೆ ಊಟ ಕೊಡುವ ಜಾಗದಲ್ಲಿ ಬೇಯಿಸಿದ ರಾಗಿ, ಹುರುಳಿಗೆ ಬೆಲ್ಲ, ಉಪ್ಪು ಸೇರಿಸಿ, ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಮುದ್ದೆ ಕಟ್ಟಿ ಬಾಯಿಗಿಡುವುದನ್ನು ಕಂಡು ಅವರಿಗೆ ಉಕ್ಕಿದ ಸಂತೋಷ ಹೇಳತೀರದು. "ನೋಡು, ಮುದ್ದೆ ತಿಂದ್ರೆ ಹೇಗಿರ್ತಾರೆ" ಎಂದು ನನ್ನ ಹೆಗಲು ತಟ್ಟಿದರು. ನಾನು ಅನ್ನದವನು, ತೆಪ್ಪಗಿದ್ದೆ.

ಗೂಡಲೂರಿನಿಂದ ಮೇಲೆ ಏರುವ ರಸ್ತೆಯ ವಿಚಾರ ಹೆಚ್ಚು ಹೇಳುವುದಿಲ್ಲ. ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿಕೊಂಡವನಿಗೆ ನಡುವಟ್ಟಂನ ಸೌಂದರ್ಯ ಎಲ್ಲಿಂದ ಕಾಣಬೇಕು? ಹೆಂಡತಿ ಹೇಳಿದ ಪ್ರಕಾರ ಅದು ತುಂಬ ಚೆನ್ನಾಗಿತ್ತು.

ಕಣ್ಣು ತೆರೆದಾಗ ಎಲ್ಲೆಲ್ಲೂ ಹಸಿರು. ಕಾರಿನಲ್ಲಿದ್ದ ಎಲ್ಲರೂ ಒಂದೇ ಉಸಿರಿಗೆ "ಆಹಾ, ಪ್ರಕೃತಿ!" ಎಂದೆವು. ಯಜಮಾನರ ಮನೆಯ ಜಗಲಿಯಲ್ಲಿ, ಕಾಟಿ ಹೋಗಲೆಂದು ಕಾಯುತ್ತಾ ಕೂತಾಗ, ಈ ಪ್ರಕೃತಿಯ ಪೂರ್ವಾಪರ ಒಂದೊಂದೇ ಹೊರಗೆ ಬಂತು. ಚಹಾ ಗಿಡದ ಮೂಲ ಚೀನಾ. ಅದರ ನಡುವೆ ನೆರಳಿಗೆ ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಆಚೆ ಗುಡ್ಡದ ತುಂಬ ಕಾಣುವ ನೀಲಗಿರಿ ಮರ, ಹೆಸರು ಏನೇ ಇರಲಿ, ಅದೂ ಆಸ್ಟ್ರೇಲಿಯಾದ್ದೇ. ಕ್ಯಾರೆಟ್, ಎಲೆಕೋಸು, ಆಲೂಗೆಡ್ಡೆ ಇಂಗ್ಲಿಷರ ಊಟದ ಮೇಜಿಗಾಗಿ ಬಂದವು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಈ ಬೆಟ್ಟ ಹತ್ತಿ, ಇಲ್ಲಿನ ಚಳಿಗೆ ಮಾರುಹೋಗಿ ಇಲ್ಲೇ ಮನೆ ಕಟ್ಟಿದ. ಊಟಿಯ ಕೆರೆಯನ್ನು ಮಾಡಿಸಿದವನೂ ಅವನೇ. ಅದಕ್ಕೆ ಮೊದಲು ಇಲ್ಲಿದ್ದದ್ದು ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ತೋಡರ ಎಮ್ಮೆಗಳು, ಕೋತರ ಕುಲುಮೆ, ಬಡಗರ ಹಟ್ಟಿಗಳು. ಮತ್ತೆ ಈ ಕಾಟಿಯ ತಾತ ಮುತ್ತಾತಂದಿರು. ನಾವು ಫೋಟೋ ತೆಗೆದ ಹಸಿರಿನಲ್ಲಿ ಹೆಚ್ಚಿನದು ನಮ್ಮ ಹಾಗೆಯೇ ಆಮೇಲೆ ಬಂದು ಸೇರಿಕೊಂಡದ್ದು.

ಚಹಾವನ್ನು ಅದರ ಪಾಡಿಗೆ ಬಿಟ್ಟರೆ ಎತ್ತರದ ಮರವಾಗುತ್ತದಂತೆ. ಕತ್ತರಿಸಿ ಕತ್ತರಿಸಿ ಸೊಂಟದ ಮಟ್ಟಕ್ಕೆ ನಿಲ್ಲಿಸಿರುತ್ತಾರೆ, ಕೊಯ್ಯುವವರ ಕೈಗೆ ಸಿಗಲಿ ಎಂದು. ಯಜಮಾನರದು ಸಣ್ಣ ತೋಟ. ಕೊಯ್ದ ಹಸಿ ಎಲೆಯನ್ನು ಸಹಕಾರಿ ಕಾರ್ಖಾನೆಗೆ ಹಾಕುತ್ತಾರೆ. ಒಂದು ಕೆ.ಜಿ. ಪುಡಿಗೆ ನಾಲ್ಕು ಕೆ.ಜಿ.ಗೂ ಮೀರಿ ಹಸಿ ಎಲೆ ಬೇಕು. ಅಲ್ಲಿಂದ ಮುಂದೆ ಅದು ಕೂನೂರಿನ ಹರಾಜಿಗೆ ಹೋಗುತ್ತದೆ. ಎಲೆಗೆ ಏನು ಬೆಲೆ ಸಿಗುತ್ತದೆ ಎಂದು ಕೇಳಿದೆ. ಅವರು ಉತ್ತರ ಹೇಳದೆ ಕಾಟಿಯ ಕಡೆ ನೋಡಿದರು. ನಮ್ಮ ಕಡೆ ಕಬ್ಬಿನ ಬೆಲೆ ಕೇಳಿದರೆ ರೈತರು ಆಕಾಶ ನೋಡುವುದುಂಟು; ಭಾವನಿಗೆ ಕೂಡಲೇ ಅರ್ಥವಾಯಿತು. ಅವರಿಬ್ಬರ ನಡುವೆ ಸ್ನೇಹ ಹುಟ್ಟಿದ್ದು ಆ ಗಳಿಗೆಯಲ್ಲಿ.

ಸ್ನೇಹ ಹುಟ್ಟಿದ್ದೇನೋ ಸರಿ, ಅಷ್ಟರಲ್ಲಿ ಲೋಟ ಬಂತು. ಹಾಲು ಹಾಕದ, ಜೇನಿನ ಬಣ್ಣದ ಚಹಾ. ಯಜಮಾನರು ನೆಂಟರಿಗೆಂದು ತೆಗೆದಿಟ್ಟಿದ್ದ ಒಳ್ಳೆಯ ಎಲೆ. ಡಿಸೆಂಬರ್-ಜನವರಿಯ ಮಂಜು ಬೀಳುವ ಕಾಲದಲ್ಲಿ ಕೊಯ್ದದ್ದಕ್ಕೆ ಪರಿಮಳ ಜಾಸ್ತಿ ಎಂದು ವಿವರಿಸಿದರು. ಭಾವ ಒಂದು ಗುಟುಕು ಕುಡಿದು, ಬಹಳ ಹೊತ್ತು ಯೋಚಿಸಿ, "ಸ್ವಲ್ಪ ಹಾಲು ಸಿಗಬಹುದಾ?" ಎಂದರು. ಯಜಮಾನರ ಮುಖದಲ್ಲಿ ಆಗ ಮೂಡಿದ ನೋವನ್ನು ನಾನು ಹೇಗೆ ವರ್ಣಿಸಲಿ! ಆದರೂ ಹಾಲು ತರಿಸಿದರು. ಹಾಲಿನ ಹಿಂದೆ ಸಕ್ಕರೆ ಬಂತು, ಸಕ್ಕರೆಯ ಹಿಂದೆ ಊಟಿ ವರ್ಕಿ ಬಂತು. ವರ್ಕಿ ಎಂದರೆ ಪದರು ಪದರಾದ, ಮುಟ್ಟಿದರೆ ಮೈಮೇಲೆಲ್ಲ ಉದುರುವ ಗರಿಗರಿ ಬಿಸ್ಕತ್ತು. ಚಹಾದಲ್ಲಿ ಅದ್ದಿ ತಿನ್ನಬೇಕು. ಅದ್ದಿದ ವರ್ಕಿಯ ನೆಪದಲ್ಲಿ ಭಾವ ಲೋಟ ಖಾಲಿ ಮಾಡಿದ್ದನ್ನು ನಾವು ಮೂವರೂ ನೋಡಿದೆವು, ಯಾರೂ ಮಾತಾಡಲಿಲ್ಲ.

"ಈ ಕಾಟಿ ಟೀ ಎಲೆ ತಿಂದು ಹಾಳು ಮಾಡಲ್ವಾ?" ಎಂದು ಅಕ್ಕ ಕೇಳಿದಳು. ಇಲ್ಲವಂತೆ. ಅದಕ್ಕೆ ಬೇಕಾದ್ದು ಸಾಲುಗಳ ನಡುವಿನ ಹುಲ್ಲು. ಚಹಾ ಎಲೆಯನ್ನು ಬಾಯಿಗೆ ಹಾಕುವುದಿಲ್ಲ. ಭಾವನಿಗೆ ಜೀವ ಬಂತು. "ನೋಡಿದ್ಯಾ, ಅದೂ ನಮ್ಮ ಪಾರ್ಟಿ!" ತಮ್ಮ ರೈಲು ತಪ್ಪಿಸುತ್ತಿದ್ದ ಪ್ರಾಣಿಯ ಮೇಲೆ ಅವರಿಗೆ ಅಭಿಮಾನ ಉಕ್ಕಿತು. ಕರಡಿಯ ಸಂಗತಿ ಮಾತ್ರ ಬೇರೆ ಎಂದರು ಯಜಮಾನರು. ಕೋಟಗಿರಿ ಕಡೆ ರಾತ್ರಿ ಹೊತ್ತು ದೇವಸ್ಥಾನಕ್ಕೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುತ್ತವಂತೆ, ಬೇಕರಿಯನ್ನೂ ಬಿಡುವುದಿಲ್ಲವಂತೆ. ಸಫಾರಿಗೆ ದುಡ್ಡು ಕೊಟ್ಟು ನೋಡಿದ್ದಕ್ಕಿಂತ ಹೆಚ್ಚಿನ ಕಾಡುಪ್ರಾಣಿಗಳು ಆ ಜಗಲಿಯ ಮಾತಿನಲ್ಲೇ ಓಡಾಡಿದವು.

ಕೊನೆಗೊಮ್ಮೆ ಕಾಟಿ ಮೇಲಿನ ಸಾಲಿಗೆ ಹತ್ತಿತು, ಯಾವ ಅವಸರವೂ ಇಲ್ಲದೆ. ನಮಗೆ ಅವಸರವಿತ್ತು. ಕೂನೂರು ನಿಲ್ದಾಣಕ್ಕೆ ಹೋದಾಗ ಗಾಡಿ ಹೊರಟುಹೋಗಿತ್ತು. ಇದು ಎಂಥ ಗಾಡಿ ಗೊತ್ತೇ? ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, ಮೇಲೆ ಹತ್ತಲು ಐದು ಗಂಟೆಯ ಹತ್ತಿರ. 1899ಕ್ಕೆ ಕೂನೂರು ಮುಟ್ಟಿದ ಹಳಿ ಊಟಿ ಮುಟ್ಟಿದ್ದು 1908ಕ್ಕೆ. ರೈಲಿಗಿಂತ ಅದರ ಹಳಿ ಇನ್ನೂ ನಿಧಾನ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಏರುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಪರಂಪರೆಯ ನಿಧಾನವನ್ನೂ ತಪ್ಪಿಸಿಕೊಂಡ ಸಂಸಾರ ನಮ್ಮದು.

"ಮುಂದಿನ ಸ್ಟೇಷನ್ನಲ್ಲಿ ಹಿಡಿಯೋಣ" ಎಂದರು ಭಾವ. ವೆಲಿಂಗ್ಟನ್‌ಗೆ ಹೋದೆವು, ಹೋಗಿಯಾಗಿತ್ತು. ಅರವಂಕಾಡಿಗೆ ಹೋದೆವು, ಅದರ ಬೆನ್ನು ಕಂಡಿತು. ಕೇತಿಯಲ್ಲಿ ಸಿಕ್ಕಿತು. ನಾವು ಮೂವರು ಏದುಸಿರು ಬಿಡುತ್ತಾ ಹತ್ತಿ ಕೂತೆವು; ಕಾರಿನ ಗತಿಯೇನು ಎಂಬ ಪ್ರಶ್ನೆಗೆ ಭಾವ ಬಲಿಯಾದರು. ತಾವೊಬ್ಬರೇ ಕಾರಿನಲ್ಲಿ ಹೊರಟು, "ನಾನು ಮೊದಲು ಹೋಗಿ ನಿಮ್ಮನ್ನ ಸ್ಟೇಷನ್ನಲ್ಲಿ ಕಾಯ್ತಿರ್ತೀನಿ" ಎಂದು ಕೈ ಬೀಸಿದರು. ಕಾದದ್ದು ನಾವು. ಊಟಿಯ ರಸ್ತೆಯಲ್ಲಿ ಕಾರಿನ ಹಿಂದೆ ಕಾರು ನಿಂತು, ಅವರು ಬರುವಷ್ಟರಲ್ಲಿ ಅಕ್ಕ ಬೇಯಿಸಿದ ಜೋಳ ತಿಂದು ಮುಗಿಸಿ ಮೆಣಸಿನಕಾಯಿ ಬಜ್ಜಿಗೆ ಹೋಗಿದ್ದಳು.

ಕಾರುಗಳ ಈ ಜಾತ್ರೆ ತಾಳಲಾರದೆ ಮದ್ರಾಸ್ ಹೈಕೋರ್ಟು 2024ರ ಮೇ ತಿಂಗಳಿಂದ ಇ-ಪಾಸ್ ಜಾರಿ ಮಾಡಿಸಿತು. 2025ರ ಬೇಸಿಗೆಗೆ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಮಿತಿಯನ್ನೂ ಹಾಕಿತು. ಎಂಟು ಸಾವಿರವೂ ಜಾಸ್ತಿಯಾಯಿತೆಂದೇ ನನ್ನ ಎಣಿಕೆ. ಇದನ್ನು ಕಾರಿನಲ್ಲಿ ಹೋಗಿ ಬಂದವನು ಹೇಳಬಾರದು, ಆದರೂ ಹೇಳುತ್ತೇನೆ.

ನೀವು ಹೋಗುವುದಾದರೆ ವಾರದ ನಡುವೆ ಹೋಗಿ. ಇ-ಪಾಸನ್ನು ಮನೆಯಲ್ಲೇ ಮಾಡಿಸಿಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ನಿಂತು ಮೊಬೈಲ್ ತಿಕ್ಕಬೇಡಿ. ನೀರಿಗೆ ಸ್ಟೀಲ್ ಬಾಟಲಿ ಇರಲಿ. ಪ್ಲಾಸ್ಟಿಕ್ ಬಾಟಲಿಯನ್ನು ಗಡಿಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಘಾಟಿ ಇಳಿಯುವಾಗ ಬ್ರೇಕನ್ನು ನಂಬದೆ ಗೇರನ್ನು ನಂಬಿ. ವಾಪಸು ಬರುವಾಗ ಚಾಕೊಲೇಟ್ ಅಂಗಡಿಯಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಿ, ಆದರೆ ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟುವಂತೆ ಹೊರಡಿ. ಹಾಕಿದ ಗೇಟು ತೆಗೆಯುವುದು ಬೆಳಿಗ್ಗೆ ಆರಕ್ಕೇ.